ಲಾಲ್ ಬೀಯ ವೀಸಾಕ್ಕೆ ಇಬ್ಬರು ಅಪ್ಪಂದಿರು

ತಾಷ್ಕೆಂಟಿನಿಂದ ಬಂದ ಲಕೋಟೆಯನ್ನು ಶೇಖಾವಲಿ ಮೊದಲು ಬಿಸಿಲಿಗೆ ಹಿಡಿದು ನೋಡಿದ, ಆಮೇಲೆ ಮೂಸಿದ, ಕೊನೆಗೆ ಅಲ್ಲಾಡಿಸಿ ಕಿವಿಗಿಟ್ಟುಕೊಂಡ. ಒಳಗೆ ಏನೂ ಸದ್ದಾಗಲಿಲ್ಲ. ಸದ್ದಾಗಲಿಲ್ಲವೆಂದೇ ಅವನಿಗೆ ಅನುಮಾನ ಬಂತು.

ಕೂಡ್ಲಿಗಿಯಲ್ಲಿ ಹೆದ್ದಾರಿ ಮಗ್ಗುಲಿಗೆ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ ಶೇಖಾವಲಿಗೆ ಅನುಮಾನವೆಂಬುದು ಕಸುಬಿನ ಒಂದು ಅಂಗವೇ ಆಗಿತ್ತು. ಎಂಥ ಇಂಜಿನ್ನನ್ನೂ ಬಿಚ್ಚಿ ನೋಡದೆ ಅವನು ನಂಬುತ್ತಿರಲಿಲ್ಲ. ಅದೇ ಚಾಳಿ ಮನೆಗೂ ಬಂದಿತ್ತು. ಅಂಗಡಿಯಿಂದ ತಂದ ಮೊಟ್ಟೆಯನ್ನು ದೀಪಕ್ಕೆ ಹಿಡಿಯುವುದು, ಹಾಲಿನವಳ ತಂಬಿಗೆಯ ತಳ ತಟ್ಟುವುದು ಇವೆಲ್ಲ ಅವನ ನಿತ್ಯಕರ್ಮಗಳು. ಸರ್ಕಾರದವರು ಪುಸ್ತಕ ಹಿಡಿದು ಬಂದರಂತೂ ಕೇಳಲೇಬೇಡಿ. ಮಲೇರಿಯಾ ಪುಡಿ ಹೊಡೆಯುವವನಿಗೆ ಒಂದು ಹೆಸರು, ಜನಗಣತಿಯ ಮೇಷ್ಟರಿಗೆ ಇನ್ನೊಂದು ವಯಸ್ಸು. "ನಿಜ ಹೇಳಿದ್ರ ಬರ್ಕೊಂಡು ಬಿಡ್ತಾರ" ಎಂಬುದು ಅವನ ಘನ ಸಿದ್ಧಾಂತ. (ಈ ಸಿದ್ಧಾಂತ ಎಂಟು ವರ್ಷದ ಹಿಂದೆ ಅವನಿಂದ ಒಂದು ಮಹಾಕಾರ್ಯ ಮಾಡಿಸಿತ್ತು. ಅದು ಸ್ವಲ್ಪ ತಡೆದು ಬರುತ್ತದೆ.)

ಲಕೋಟೆ ಬಂದದ್ದು ಅವನ ಹನ್ನೆರಡು ವರ್ಷದ ಮಗಳು ಲಾಲ್ ಬೀಯ ಹೆಸರಿಗೆ. ಆಗೆಲ್ಲ ರಷ್ಯಾದಿಂದ ನುಣುಪು ಹಾಳೆಯ ಬಣ್ಣದ ಪತ್ರಿಕೆಗಳು ಅಗ್ಗದಲ್ಲಿ ಬರುತ್ತಿದ್ದವು. ಊರಿನ ಮಕ್ಕಳೆಲ್ಲ ಅವುಗಳಿಂದ ಪಠ್ಯಪುಸ್ತಕಕ್ಕೆ ರಟ್ಟು ಹಾಕಿಕೊಳ್ಳುತ್ತಿದ್ದರು. ಲಾಲ್ ಬೀ ಮಾತ್ರ ರಟ್ಟಿನ ಮೇಲಿದ್ದ ರಷ್ಯನ್ ಅಕ್ಷರಗಳನ್ನು ಕಲಿತು, ಅದರಲ್ಲಿ ಅಚ್ಚಾದ ಮಕ್ಕಳ ಸ್ಪರ್ಧೆಗೂ ಬರೆದು ಕಳಿಸಿದ್ದಳು. ಗೆದ್ದ ಮಕ್ಕಳಿಗೆ ತಾಷ್ಕೆಂಟಿನಲ್ಲಿ ಆರು ವಾರದ ರಷ್ಯನ್ ಭಾಷಾ ತರಗತಿ, ಊಟ ವಸತಿ ವಿಮಾನ ಎಲ್ಲ ಪುಕ್ಕಟೆ.

"ಪುಕ್ಕಟೆ ಯಾಕ?" ಎಂದ ಶೇಖಾವಲಿ. "ಊರಾಗ ಇಷ್ಟು ಹುಡುಗ್ರು ಅದಾರ. ಲಾಲ್ ಅಂತ ಹೆಸರು ನೋಡೇ ಆ ಕೆಂಪು ದೇಶದೋರು ಆರಿಸ್ಯಾರ."

ಲಕೋಟೆಯೊಳಗೆ ವೀಸಾಕ್ಕೆ ಬೇಕಾದ ಕಾಗದಗಳ ಪಟ್ಟಿ ಇತ್ತು. ಅದನ್ನು ಓದಿ ಹೇಳಲು ಇಂಗ್ಲಿಷ್ ಮೇಷ್ಟರು ಪಾಲಾಕ್ಷಪ್ಪನವರು ಚಾಪೆಯ ಮೇಲೆ ವಿರಾಜಮಾನರಾದರು. ಶೇಖಾವಲಿಯ ಹೆಂಡತಿ ಅಮೀರ್ ಬೀ ಚಹಾ ತಂದಿಟ್ಟು ಬಾಗಿಲಲ್ಲಿ ನಿಂತಳು.

"ಮೊದಲನೇದು, ನಾಕು ಫೋಟೋ. ಎರಡೂ ಕಿವಿ ಕಾಣಬೇಕು."

"ಕಿವಿ ಯಾಕ್ರಿ? ಓಲೆ ಎಷ್ಟು ತೂಕ ಅದಾವಂತ ನೋಡಾಕ. ಮುಂದ ಓದ್ರಿ."

"ಡಾಕ್ಟರ ಸರ್ಟಿಫಿಕೇಟು. ರಕ್ತ ಪರೀಕ್ಷೆ ಆಗಿರಬೇಕು."

"ಕೇಳಿದೇನ? ಈಗಲೇ ರಕ್ತ ಕೇಳಾಕ ಹತ್ಯಾರ!"

"ಹೋಗೋ ಟಿಕೆಟ್ಟಿನ ಜೋಡಿ ಬರೋ ಟಿಕೆಟ್ಟೂ ಮೊದಲೇ ಕೊಡ್ತಾರ."

"ಅಂದ್ರ ಹುಡುಗಿ ತಿರುಗಿ ಬರೋದರ ಮ್ಯಾಲ ಅವರಿಗೇ ಅನುಮಾನ ಐತಿ."

"ಆರು ವಾರದ ಮ್ಯಾಲ ಒಂದು ದಿನಾನೂ ಅಲ್ಲಿ ಇರಂಗಿಲ್ಲ."

"ಯಾಕ, ನಮ್ಮ ಹುಡುಗಿ ಏನು ಮಾಡ್ಯಾಳ ಅವರಿಗೆ?"

ಅಮೀರ್ ಬೀಗೆ ತಡೆಯಲಾಗಲಿಲ್ಲ. "ಇಟ್ಕೊಂಡ್ರೂ ಅನುಮಾನ, ಕಳಿಸಿದ್ರೂ ಅನುಮಾನ! ಮೇಷ್ಟ್ರ, ನೀವು ಓದಿ ಮುಗಿಸ್ರಿ. ಇವರದು ಮುಗಿಯಂಗಿಲ್ಲ."

"ಕಡೇದು. ಸಣ್ಣ ಮಕ್ಕಳಾದ್ರ ತಂದೆಯ ಒಪ್ಪಿಗೆ ಪತ್ರ. ತಂದೆ ಇವನೇ ಅನ್ನೋದಕ್ಕ ದಾಖಲೆ, ಪೊಲೀಸ್ ವಿಚಾರಣೆ. ಅದಿಲ್ಲಂದ್ರ ವೀಸಾ ಇಲ್ಲ."

ಶೇಖಾವಲಿ ಗೆದ್ದವನಂತೆ ಗೋಡೆಗೆ ಒರಗಿದ. ಒಪ್ಪಿಗೆ ಕೊಡಬೇಕಾದವನು ತಾನಾದ ಮೇಲೆ ಇನ್ನೇನು ಭಯ? "ಮಂದಿ ಮಕ್ಕಳ್ನ ಪರದೇಶಕ್ಕ ಸಾಗಿಸೋರು ಹಿಂಗ ಚೆಂದಾಗಿ ಕಾಗದ ಬರೀತಾರ. ನಾ ಒಪ್ಪಂಗಿಲ್ಲ" ಎಂದು ತೀರ್ಪು ಕೊಟ್ಟುಬಿಟ್ಟ.

ಲಾಲ್ ಬೀ ಅಳಲಿಲ್ಲ, ಜಗಳ ಮಾಡಲಿಲ್ಲ. ಪುಸ್ತಕಗಳ ರಟ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಮಡಿಚಿ, ಟ್ರಂಕಿನಡಿ ಇಟ್ಟಳು. ಅಂಗಡಿಯಲ್ಲಿ ಅಪ್ಪ ನಟ್ಟು ಬಿಚ್ಚುವ ಪಾನದ ನಂಬರು ಹೇಳುವ ಮೊದಲೇ ಕೈಗೆ ಕೊಡುತ್ತಿದ್ದ ಹುಡುಗಿ ಅಂದು ಅಂಗಡಿಗೆ ಬರಲಿಲ್ಲ. ಶೇಖಾವಲಿಗೆ ಇಬ್ಬರು ಗಂಡುಮಕ್ಕಳಿದ್ದರೂ ಜೀವವೆಲ್ಲ ಇವಳ ಮೇಲೆ. ಆದರೆ ಕೊಟ್ಟ ತೀರ್ಪನ್ನು ತಾನೇ ಹಿಂತೆಗೆಯುವುದು ಹೇಗೆ?

ಅಷ್ಟರಲ್ಲಿ ಹಡಗಲಿಯಿಂದ ಅವನ ಹೆಂಡತಿಯ ತಮ್ಮ ಅಬ್ದುಲ್ ವಹಾಬ ಬಂದ. ಮಲ್ಲಿಗೆ ವ್ಯಾಪಾರಿ. ಅವನು ಬಂದುಹೋದ ಮೇಲೂ ಒಂದು ತಾಸು ಅವನ ವಾಸನೆ ಮನೆಯಲ್ಲಿರುತ್ತಿತ್ತು, ಭಾವನಿಗೆ ಅದೂ ಒಂದು ಸಿಟ್ಟು.

"ಒಳ್ಳೇದು ಮಾಡಿದಿ ಭಾವ, ಕಳಸಬ್ಯಾಡ. ಆ ಜಾಗಕ್ಕ ನನ್ನ ಮಗ ಇಸಾಕನ ಹೆಸರು ಬರೆದ್ರ ನಡೀತೈತೇನು, ಮೇಷ್ಟ್ರನ್ನ ಕೇಳಿ ನೋಡು."

ಶೇಖಾವಲಿಯ ಕಿವಿ ನೆಟ್ಟಗಾಯಿತು. ಓಹೋ, ಸಂಚು ಇದೇ! "ಯಾಕ ಕಳಸಬಾರದು? ನನ್ನ ಮಗಳು ಹೋಗಾಕಿನೇ!" ಎಂದು ಕಿರುಚಿದ. (ಆ ಮಾತನ್ನು ತಮ್ಮನ ಬಾಯಲ್ಲಿ ಇಟ್ಟು ಕರೆಸಿದವಳು ಅಮೀರ್ ಬೀ. ಇಡೀ ಪ್ರಕರಣದಲ್ಲಿ ಶೇಖಾವಲಿಗೆ ಅನುಮಾನ ಬರದಿದ್ದುದು ಇದೊಂದರ ಮೇಲೆ ಮಾತ್ರ.) ಲಾಲ್ ಬೀ ಓಡಿಹೋಗಿ ಟ್ರಂಕಿನಡಿಯ ರಟ್ಟುಗಳನ್ನೆಲ್ಲ ಹೊರತೆಗೆದಳು.

ಕಾಗದಗಳು ಹೋದವು. ಹದಿನೈದು ದಿನಕ್ಕೆ ವಿಚಾರಣೆಗೆಂದು ಜಮಾದಾರ ದೊಡ್ಡಬೀರಪ್ಪ ಸೈಕಲ್ ಏರಿ ಬಂದ. ಪಡಿತರ ಚೀಟಿ ಬಿಚ್ಚಿ ನೋಡಿದ, ಶಾಲೆಯಿಂದ ತಂದ ದಾಖಲೆಯ ನಕಲು ನೋಡಿದ, ಆಮೇಲೆ ಶೇಖಾವಲಿಯ ಮುಖ ನೋಡಿದ.

"ನಿಮ್ಮ ಚೀಟ್ಯಾಗ ಇಬ್ಬರು ಗಂಡುಹುಡುಗ್ರು ಅಷ್ಟೇ ಅದಾರಲ್ರೀ. ಶಾಲ್ಯಾಗ ಈ ಹುಡುಗಿ ತಂದಿ ಹೆಸರು ಅಬ್ದುಲ್ ವಹಾಬ ಅಂತೈತಿ."

ಶೇಖಾವಲಿಗೆ ಆ ಮಹಾಕಾರ್ಯ ಈಗ ನೆನಪಾಯಿತು. ಎಂಟು ವರ್ಷದ ಹಿಂದೆ, ಎಮರ್ಜೆನ್ಸಿಯಲ್ಲಿ, ಮೂರು ಮಕ್ಕಳ ಅಪ್ಪಂದಿರನ್ನು ಸಂತಾನಹರಣ ಆಪರೇಷನ್ನಿಗೆ ಒಯ್ಯಲು ಜೀಪು ತಿರುಗುತ್ತಿದೆ ಎಂದು ಸುದ್ದಿಯಾದಾಗ, ನಾಲ್ಕು ವರ್ಷದ ಲಾಲ್ ಬೀಯನ್ನು ರಾತ್ರೋರಾತ್ರಿ ಕೊಟ್ಟೂರು ಮೇಲೆ ಹಾಯ್ದು ಹಡಗಲಿಗೆ ಸಾಗಿಸಿ, ವಹಾಬನ ಪಡಿತರ ಚೀಟಿಗೆ ಏರಿಸಿದ್ದ. ಜೀಪು ನಿಂತ ಮೇಲೆ ಮಗಳು ಮನೆಗೆ ಬಂದಳು, ಹೆಸರು ಬರಲಿಲ್ಲ. ಶಾಲೆಗೆ ಸೇರಿಸುವಾಗಲೂ, ಜೀಪು ಮತ್ತೆ ಬಂದರೇನು ಗತಿ ಎಂದು ವಹಾಬನ ಹೆಸರನ್ನೇ ಬರೆಸಿದ್ದ. ಎಂಟು ವರ್ಷ ವಹಾಬನ ಮನೆಯವರು ಲಾಲ್ ಬೀಯ ಪಾಲಿನ ಸಕ್ಕರೆಯಲ್ಲಿ ಚಹಾ ಕುಡಿದಿದ್ದರು.

"ನನ್ನ ಮಗಳೇ ರೀ! ಬೇಕಾದ್ರ ಓಣ್ಯಾಗ ಕೇಳ್ರಿ!"

ಜಮಾದಾರ ಕೇಳಿಯೇಬಿಟ್ಟ. ಎದುರುಮನೆಯ ಮುದುಕಿ ಪಕ್ಕೀರಮ್ಮ ರೊಟ್ಟಿ ತಟ್ಟುತ್ತಿದ್ದವಳು ಕೈ ಒರೆಸಿಕೊಂಡು ಎದ್ದು ಬಂದಳು. ಯಾರು ಕೇಳಿದರೂ ಹೀಗೇ ಹೇಳಬೇಕೆಂದು ಎಂಟು ವರ್ಷದ ಹಿಂದೆ ಶೇಖಾವಲಿ ಅವಳಿಂದ ದೀಪ ಮುಟ್ಟಿಸಿ ಆಣೆ ತೆಗೆದುಕೊಂಡಿದ್ದ.

"ಆ ಹುಡುಗಿ ಇವರದಲ್ರೀ ಯಪ್ಪಾ. ಹಡಗಲಿ ವಹಾಬ ಸಾಬರ ಮಗಳು. ಇವರಿಗೆ ಎರಡೇ ಮಕ್ಕಳು" ಎಂದು ಸ್ಪಷ್ಟವಾಗಿ ಹೇಳಿ, ಹೆದರಬೇಡ ನಾನಿದ್ದೇನೆ ಎಂಬಂತೆ ಶೇಖಾವಲಿಯ ಕಡೆ ಕಣ್ಣು ಮಿಟುಕಿಸಿದಳು.

"ಅಮ್ಮಾ, ಈಗ ನಿಜ ಹೇಳು!"

"ಹೇಳೀನಲ್ಲಪ್ಪ, ನೀ ಹೇಳಿದಂಗ!"

ದೊಡ್ಡಬೀರಪ್ಪ ಟೋಪಿ ಸರಿಮಾಡಿಕೊಂಡ. "ಏನ್ ಸಾಬ್ರ, ಮಂದಿ ಮಕ್ಕಳ್ನ ಪರದೇಶಕ್ಕ ಸಾಗಿಸೋ ದಂಧೆ ಏನರ ಹಿಡಿದೀರೇನು?"

ತನ್ನದೇ ಮಾತು ಖಾಕಿ ಹಾಕಿಕೊಂಡು ಬಂದು ಎದುರಿಗೆ ನಿಂತಂತಾಯಿತು.

ದಾಖಲೆ ತಿದ್ದಿಸಲು ಕೋರ್ಟು, ಅಫಿಡವಿಟ್ಟು ಎಂದು ವರ್ಷ ಹಿಡಿಯುತ್ತದೆ ಎಂದರು ಪಾಲಾಕ್ಷಪ್ಪನವರು. ಮದ್ರಾಸಿನ ವೀಸಾ ಕಚೇರಿಗೆ ಕಾಗದ ಮುಟ್ಟಲು ಉಳಿದದ್ದು ಒಂದು ತಿಂಗಳು. "ದಾಖಲೆ ಪ್ರಕಾರ ಅಪ್ಪ ಒಬ್ಬ ಅದಾನಲ್ರೀ. ಅವನ ಸೈ ಹಾಕಸ್ರಿ. ಇಲ್ಲಂದ್ರ ಹುಡುಗಿ ಹೋಗೋದು ಬಿಡಸ್ರಿ."

ಶೇಖಾವಲಿ ಒಂದು ದಿನವಿಡೀ ಒಂದೇ ಇಂಜಿನ್ನನ್ನು ಬಿಚ್ಚಿದ, ಜೋಡಿಸಿದ, ಮತ್ತೆ ಬಿಚ್ಚಿದ. ಮಗಳು ಪಕ್ಕದಲ್ಲಿ ಕೂತು ಪಾನ ಕೊಡುತ್ತ ರಷ್ಯನ್ನಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದಳು. ಮರುದಿನ ಬೆಳಿಗ್ಗೆ ಅವನು ಹಡಗಲಿ ಬಸ್ಸು ಹತ್ತಿದ. ಭಾವಮೈದುನನ ಅಂಗಳದಲ್ಲಿ ಮಲ್ಲಿಗೆ ರಾಶಿಯ ಮುಂದೆ ನಿಂತು, "ಇನ್ನೊಂದು ಸಲ ಅಕಿಗೆ ಅಪ್ಪ ಆಗಪ್ಪ" ಎಂದು ಕೇಳಿದ.

ವಹಾಬ ರೇಷ್ಮೆ ಜುಬ್ಬಾ ತೊಟ್ಟು ಕೂಡ್ಲಿಗಿಗೆ ಬಂದು 'ತಂದೆ' ಎಂಬಲ್ಲಿ ಉದ್ದನೆಯ ಸಹಿ ಎಳೆದ. ಶೇಖಾವಲಿ ಸಾಕ್ಷಿಯಾಗಿ ಸಹಿ ಹಾಕಿ, 'ಸಂಬಂಧ' ಎಂಬಲ್ಲಿ 'ಮಾವ' ಎಂದು ಬರೆದ. "ಹಡೆದು ಹಡೆದು ನಾ ಅತ್ತಿ ಆದೆ!" ಎಂದು ಅಮೀರ್ ಬೀ ಸೆರಗಿನಲ್ಲಿ ಮೂಗೊರೆಸಿಕೊಂಡಳು.

ವೀಸಾ ಬಂತು. ಮಕ್ಕಳನ್ನು ಮದ್ರಾಸಿನಲ್ಲಿ ತಂದೆಯೇ ಖುದ್ದು ಒಪ್ಪಿಸಬೇಕೆಂದು ಬರೆದಿತ್ತು. ಹಾಗಾಗಿ ಬಳ್ಳಾರಿ ಬಸ್ಸಿನಲ್ಲಿ ಲಾಲ್ ಬೀಯ ಪಕ್ಕ ಕೂತವನು ವಹಾಬ, ಕೆಳಗೆ ನಿಂತವನು ಶೇಖಾವಲಿ. ಅಂದು ನಸುಕಿನಲ್ಲಿ ಅವನು ಮಗಳಿಗೆ ನೂರು ಸಲ ಹೇಳಿಕೊಟ್ಟಿದ್ದ: "ವಿಮಾನ ಹತ್ತೋತನ ಯಾರನ್ನೂ ನಂಬಬ್ಯಾಡ. ಮಂದಿ ಮುಂದ ನನ್ನ ಮಾವ ಅನ್ನು. ಬಾಯಿ ತಪ್ಪಿದ್ರ ವೀಸಾ ಹೋತು."

ಬಸ್ಸು ಅಲುಗಿತು. ಒಮ್ಮೆ, ಒಂದೇ ಒಂದು ಸಲ, ಅವಳು ಬಾಯಿ ತಪ್ಪಿ ತನ್ನನ್ನು ಎಂದಿನಂತೆ 'ಅಬ್ಬಾ' ಎಂದು ಕರೆಯಲಿ ಎಂದು ಶೇಖಾವಲಿಯ ಜೀವ ಹಂಬಲಿಸಿತು. ಅಪ್ಪ ಹೇಳಿಕೊಟ್ಟದ್ದನ್ನು ಎಂದೂ ಮರೆಯದ ಹುಡುಗಿ ಕಿಟಕಿಯಿಂದ ಅರ್ಧ ಹೊರಗೆ ಬಾಗಿ, ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಕೂಗಿದಳು:

"ಮಾವಾ, ಹೋಗಿ ಬರ್ತೀನ್ರೀ!"

ಧೂಳು ಇಳಿಯುವ ಹೊತ್ತಿಗೆ ಅವನು ಅಂಗಡಿಯ ಎಣ್ಣೆಬಟ್ಟೆಯಿಂದಲೇ ಕಣ್ಣೊರೆಸಿಕೊಳ್ಳುತ್ತಿದ್ದ. ಹಿಂದಿನಿಂದ ದೊಡ್ಡಬೀರಪ್ಪನ ದನಿ ಬಂತು.

"ಏನ್ರೀ ಸಾಬ್ರ, ಸ್ವಂತ ಮಗಳ್ನ ಕಳಿಸಿದಂಗ ಅಳಾಕ ಹತ್ತೀರಲ್ಲ?" ಜಮಾದಾರನ ಕೈ ಆಗಲೇ ಜೇಬಿನ ಪುಸ್ತಕದ ಕಡೆ ಹೋಗಿತ್ತು.

ಸರ್ಕಾರದವನೊಬ್ಬನಿಗೆ, ಕಾಗದದ ಕೆಲಸವೇನೂ ಇಲ್ಲದಿದ್ದರೂ, ನಿಜ ಹೇಳಿಬಿಡಬೇಕು ಎಂದು ಶೇಖಾವಲಿಗೆ ಜನ್ಮದಲ್ಲಿ ಮೊದಲ ಬಾರಿಗೆ ಆಸೆಯಾಯಿತು.

"ಇಲ್ರೀ," ಎಂದ, "ಬಸ್ಸಿನ ಹೊಗಿ."