ಚಳಿಗಾಲದ ಟೈರು, ಭಾವಮೈದುನನ ಹುರುಳಿ

ಸಂಶಯಪಡುವುದು ಒಂದು ರೋಗ ಎಂದು ಯಾರಾದರೂ ಉಪದೇಶ ಮಾಡಿದರೆ, ಇವರು ನನ್ನಿಂದ ಏನನ್ನು ಮುಚ್ಚಿಡಲು ಹೊರಟಿದ್ದಾರೆ ಎಂದು ನನಗೆ ಮೊದಲು ಸಂಶಯ ಬರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದರು ಹಿರಿಯರು. ನಾನು, ಹಾಲೇ ಆಗಿದ್ದರೂ ಅದರಲ್ಲಿ ನೀರೆಷ್ಟು ಎಂದು ಕೇಳುವವನು. ತಪ್ಪು ನನ್ನದಲ್ಲ, ನೌಕರಿಯದು. ಶಹಾಪುರದ ಒಂದು ಕಚೇರಿಯಲ್ಲಿ ಬೇರೆಯವರ ಪ್ರವಾಸದ ಬಿಲ್ಲುಗಳನ್ನು ತಪಾಸಣೆ ಮಾಡುವುದು ನನ್ನ ಕೆಲಸ. ಹೋಗದ ಊರಿಗೆ ಹೋಗಿಬಂದವರನ್ನು ವರ್ಷಗಟ್ಟಲೆ ನೋಡಿದ ಮೇಲೆ, ಎದುರಿಗೆ ಸಿಕ್ಕವರು ‘ಆರಾಮ ಇದ್ದೀರೇನ್ರಿ’ ಅಂದರೂ ಇದರ ಹಿಂದೇನಿದೆ ಎಂದು ತಿರುವಿ ನೋಡುವ ಚಟ ಹತ್ತುತ್ತದೆ. ನನ್ನ ಹೆಂಡತಿ ಮಾದೇವಿಯ ಪ್ರಕಾರ, “ನಿಮಗ ದೇವರು ಬಂದು ವರ ಕೊಟ್ರೂ ಮೊದಲು ಗುರುತಿನ ಚೀಟಿ ತೋರಿಸು ಅಂತೀರಿ.”

ಈ ಸಲ ಚಳಿ ಶುರುವಾಗುವ ಹೊತ್ತಿಗೆ ನನ್ನ ಫೋನಿನಲ್ಲಿ ಒಂದು ಲೇಖನ ತಾನಾಗಿಯೇ ಬಂತು. ಚಳಿಗಾಲಕ್ಕೆ ನಿಮ್ಮ ಕಾರಿನ ಟೈರುಗಳನ್ನು ಸಜ್ಜುಗೊಳಿಸಿದ್ದೀರಾ ಎಂದು ಅದರ ತಲೆಬರಹ. ನನ್ನ ಹತ್ತಿರ ಕಾರಿದೆಯೆಂದು ಈ ಫೋನಿಗೆ ಹೇಳಿದವರು ಯಾರು ಎಂಬುದೇ ಮೊದಲ ಪ್ರಶ್ನೆ. ಓದಿದರೆ ಎಲ್ಲ ಹಿಮದ ಮಾತು. ಚಕ್ರಕ್ಕೆ ಸರಪಳಿ ಸುತ್ತಬೇಕಂತೆ, ಚಳಿಗೆಂದೇ ಮಾಡಿದ ಬೇರೆ ಟೈರು ಹಾಕಬೇಕಂತೆ. ನಮ್ಮ ಕಡೆಯ ಚಳಿಗಾಲ ಎಂದರೆ ಬೆಳಿಗ್ಗೆ ಭೀಮಾ ನದಿಯ ಸೇತುವೆ ಮೇಲೆ ಒಂದಿಷ್ಟು ಮಂಜು, ಕಿವಿಗೆ ಸುತ್ತಿದ ಮಫ್ಲರು, ಮಧ್ಯಾಹ್ನ ಅದೇ ಮಫ್ಲರಿನಿಂದ ಒರೆಸಿಕೊಳ್ಳುವ ಬೆವರು. ಹಾಗಂತ ನಮ್ಮ ಟೈರುಗಳಿಗೆ ಚಳಿಗಾಲದಲ್ಲಿ ಗಂಡಾಂತರವೇ ಇಲ್ಲವೆಂದಲ್ಲ. ಆ ಗಂಡಾಂತರದ ಹೆಸರು ಹುರುಳಿ. ಹುರುಳಿ ಕಿತ್ತ ಮೇಲೆ ಬಳ್ಳಿಯನ್ನು ಡಾಂಬರು ರಸ್ತೆಯ ಮೇಲೆ ಹಾಸುತ್ತಾರೆ. ಹೋಗಿ ಬರುವ ಗಾಡಿಗಳು ತುಳಿದು ಕಾಳು ಬಿಡಿಸಿಕೊಡುತ್ತವೆ. ಎತ್ತು ಬೇಡ, ಯಂತ್ರ ಬೇಡ. ಆದರೆ ಆ ಬಳ್ಳಿ ಚಕ್ರಕ್ಕೆ ಸುತ್ತಿಕೊಂಡಿತೆಂದರೆ ಹಿಮದೂರಿನ ಸರಪಳಿ ಅದರ ಮುಂದೆ ಏನೂ ಅಲ್ಲ.

ಹೋದ ವರ್ಷ ಆದದ್ದು ಅದೇ. ಮಾದೇವಿಯ ತವರು ಬಳಿಚಕ್ರದಲ್ಲಿ, ಅವಳ ತಮ್ಮ ಭೀಮರಾಯನ ಮನೆಯ ಮುಂದೆಯೇ ನನ್ನ ಕಾರಿಗೆ ಹುರುಳಿ ಬಳ್ಳಿ ಸುತ್ತಿ, ಅಡಿಯಿಂದ ಹೊಗೆ ಬಂದು, ಕೊಡಗಟ್ಟಲೆ ನೀರು ಸುರಿಯಬೇಕಾಯಿತು. ಬಳ್ಳಿ ಭೀಮರಾಯನದು. ನಾನು ಬರುವ ಹೊತ್ತು ನೋಡಿಯೇ ಹಾಸಿದ್ದಾನೆಂದು ಓಣಿಯ ಮಂದಿಯ ಎದುರು ಅಂದುಬಿಟ್ಟೆ. ಅವನು ಒಳಗೆ ಹೋಗಿಬಿಟ್ಟ. ಅವತ್ತಿನಿಂದ ಮಾದೇವಿ ತವರಿಗೆ ಹೋಗಿಲ್ಲ. ಹೋಗಬೇಡವೆಂದು ನಾನು ಹೇಳಲಿಲ್ಲ, ಹೋಗೋಣವೆಂದೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಆದರೆ ಯಾದಗಿರಿ ಕಡೆಯ ಬಸ್ಸು ಕಂಡಾಗಲೆಲ್ಲ ಅವಳು ಮಾತು ನಿಲ್ಲಿಸುತ್ತಿದ್ದಳು.

ಹೀಗಿರುವಾಗ ಭೀಮರಾಯನ ಫೋನು ಬಂತು. ದನಿಯಲ್ಲಿ ಬೆಲ್ಲದ ಪಾಕ. “ಮಾವಾ, ಬರೋ ಐತಾರ ಅಕ್ಕನ್ನ ಕರ್ಕೊಂಡು ಬರ್ರಿ. ಶೇಂಗಾ ಹೋಳಿಗಿ ಮಾಡಸ್ತೀನಿ. ಬಸ್ಸಿಗಿ ಬರಬ್ಯಾಡ್ರಿ, ಗಾಡಿ ತಗೊಂಡೇ ಬರ್ರಿ.” ಇಷ್ಟಕ್ಕೆ ನಿಲ್ಲಿಸಿದ್ದರೆ ನಂಬುತ್ತಿದ್ದೆನೇನೋ. “ಎಷ್ಟೊತ್ತಿಗಿ ಬರ್ತೀರಿ? ಯಾ ದಾರೀಲೆ ಬರ್ತೀರಿ? ಟೈರ್ ಹ್ಯಾಂಗವ್ರಿ, ಗಟ್ಟಿ ಅವ ಹೌದಲ್ಲ?” ವರ್ಷವೆಲ್ಲ ಸುಮ್ಮನಿದ್ದವನಿಗೆ ನನ್ನ ಟೈರಿನ ಯೋಗಕ್ಷೇಮ ಯಾಕೆ? ಪಕ್ಕಾ ಆಯಿತು. ಈ ಸಲ ಹುರುಳಿ ಜಾಸ್ತಿ ಬೆಳೆದಿದೆ, ತುಳಿಯಲು ಗಾಡಿ ಬೇಕಾಗಿದೆ, ಹೋಳಿಗೆ ಬರೀ ನೆಪ. ಮಾದೇವಿಗೆ ಹೇಳಿದೆ. ಅವಳು, “ನೀವು ಬರದಿದ್ರ ಬಿಡ್ರಿ, ನಾ ಬಸ್ಸಿಗಿ ಹೋಗ್ತೀನಿ,” ಅಂದಳು. ಆ ದನಿ ಕೇಳಿ, ಅವಳು ಹೋದರೆ ಬೇಗ ತಿರುಗಿ ಬರುತ್ತಾಳೆಯೇ ಎಂಬ ಹೊಸ ಸಂಶಯ ಹುಟ್ಟಿತು. ನನಗೆ ನಿಜವಾಗಿ ಭಯವಾಯಿತು. ನಾನೂ ಹೊರಟೆ.

ಹೋಗುವ ಮೊದಲು ಟೈರು ತೋರಿಸಲು ಅಂಗಡಿಗೆ ಒಯ್ದೆ. ಅಂಗಡಿಯವನು ಗಾಳಿ ನೋಡಿದ, ಮುಂದಿನ ಚಕ್ರ ಹಿಂದಕ್ಕೂ ಹಿಂದಿನದು ಮುಂದಕ್ಕೂ ಹಾಕಿದ. ಯಾವ ಚಕ್ರ ಎಲ್ಲಿಗೆ ಹೋಯಿತೆಂದು ನಾನು ಮಗ್ಗಲಲ್ಲೇ ನಿಂತು ಕಾವಲು ಕಾದೆ. ಆಮೇಲೆ ಅವನು ಸ್ಕ್ರೂಡ್ರೈವರ್ ತೆಗೆದು ಟೈರಿನ ಸಂದಿಗೆ ಚುಚ್ಚತೊಡಗಿದ. ನಾನು ಅವನ ಕೈ ಹಿಡಿದೆ. “ಕಲ್ಲು ಸಿಗಬಿದ್ದಾವ್ರಿ,” ಅಂದ. ನಮ್ಮ ಮನೆಯ ಮುಂದೆ ಕಾರು ನಿಲ್ಲಿಸುವ ಜಾಗಕ್ಕೆ ಶಹಾಪುರ ಗುಡ್ಡದ ಗುಲಾಬಿ ಬಣ್ಣದ ಜಲ್ಲಿ ಹಾಕಿಸಿದ್ದೇನೆ, ಅದರ ಚೂರುಗಳು. ಕಲ್ಲು ತೆಗೆಯುವ ನೆಪದಲ್ಲಿ ತೂತು ಮಾಡಿ, ನಾಳೆ ಪಂಕ್ಚರ್ ಹಾಕಲು ಕರೆಯುವ ಹುನ್ನಾರ ನನಗೆ ತಿಳಿಯದೆ? “ಕಲ್ಲು ಇರಲಿ ಬಿಡ್ರಿ,” ಅಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿ ಸ್ಕ್ರೂಡ್ರೈವರ್ ಒಳಗಿಟ್ಟ.

ಭಾನುವಾರ ಬಳಿಚಕ್ರ ಇನ್ನೂ ಸ್ವಲ್ಪ ದೂರವಿದೆ ಅನ್ನುವಾಗ ರಸ್ತೆ ಪಕ್ಕದ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ ಬೀಗ ಹಾಕಿದೆ. “ಇಲ್ಲಿಂದ ನಡೆಯೋಣ,” ಅಂದೆ. ಮಾದೇವಿ ಸೆರಗು ತಲೆಗೆಳೆದು ಮುಂದೆ ನಡೆದಳು. ಭೀಮರಾಯನ ಲೆಕ್ಕ ಬುಡಮೇಲು ಮಾಡಿದ ಖುಷಿಯಲ್ಲಿ ನಾನು ಹಿಂದೆ.

ಊರೊಳಗೆ ಕಾಲಿಟ್ಟರೆ ರಸ್ತೆಯ ಮೇಲೆ ಒಂದು ಕಡ್ಡಿ ಹುರುಳಿ ಇಲ್ಲ. ಕಸಬರಿಗೆ ಹಚ್ಚಿ ಗುಡಿಸಿದ ಗುರುತು. ಬಳ್ಳಿಯನ್ನೆಲ್ಲ ಎರಡೂ ಬದಿಗೆ ಒಟ್ಟಿ, ಅದರ ಪಕ್ಕ ಮಂದಿ ಸುಮ್ಮನೆ ಕೂತಿದ್ದಾರೆ. ಒಬ್ಬ ಮುದುಕಿ ಎದ್ದು ನನ್ನ ಹಿಂದೆ ಮುಂದೆ ನೋಡಿದಳು. “ಮಾದೇವಿ ಗಂಡ ಅಲ್ಲೇನ್ರಿ ನೀವು? ಗಾಡಿ ಎಲ್ಲದ? ಭೀಮರಾಯ ಮನಿಮನಿಗಿ ಅಡ್ಡಾಡಿ, ನಮ್ಮ ಮಾವನ ಗಾಡಿ ಬರ್ತದ, ಹುಳ್ಳಿ ಬಾಜೂಕ ಸರಸ್ರಿ ಅಂತ ಕೈಮುಗದಾನ. ಮುಂಜಾನಿಂದ ರಾಶಿ ಮಾಡೋದು ಬಿಟ್ಟು ನಿಮ್ಮ ಹಾದೀನೇ ಕಾಯಾಕತ್ತೇವಿ.”

ನಡೆಯುವುದು ಆರೋಗ್ಯಕ್ಕೆ ಒಳ್ಳೆಯದೆಂದು ನಾನು ಏನೋ ಗೊಣಗಿದೆ. ನೆತ್ತಿ ಸುಡುವ ಬಿಸಿಲಿತ್ತು. ಮಾದೇವಿ ನನ್ನ ಮುಖವನ್ನೂ ನೋಡಲಿಲ್ಲ. ಕಾರು ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಮಂದಿ ಬಳ್ಳಿಯನ್ನು ಮತ್ತೆ ರಸ್ತೆಗೆ ಹಾಸತೊಡಗಿದರು.

ಹೋಳಿಗೆ ತಿನ್ನುವಾಗ ಭೀಮರಾಯ ಮೆಲ್ಲಗೆ ಬಾಯಿ ಬಿಟ್ಟ. “ಅವ್ವನ ಮೊಣಕಾಲು ಹಿಡಕೊಂಡಾವ್ರಿ ಮಾವಾ. ಬಸ್ಸು ಹತ್ತಾಕ ಆಗಲ್ಲ. ಒಂದೀಟು ದಿನ ಅಕ್ಕನ ಹಂತ್ಯಾಕ ಇರ್ತೀನಿ ಅಂತಾಳ. ಅದಕ್ಕ ಗಾಡಿ ತರ್ರಿ ಅಂದಿದ್ದೆ.” ಫೋನಿನಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ಹೇಳಿದ್ರ ನಿಮಗ ಶಕ್ ಬರ್ತಿತ್ತಲ್ರಿ.” ಅವನ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಒಳಗೆ ಅತ್ತೆ ತನ್ನ ಗಂಟು ಕಟ್ಟಿಕೊಂಡು, ಕಾಲು ಚಾಚಿ, ಬಾಗಿಲ ಕಡೆಗೇ ನೋಡುತ್ತ ಕೂತಿದ್ದರು. ನನಗೆ ನಾಚಿಕೆಯಾಯಿತು.

ಕಾರು ಮನೆಯವರೆಗೆ ತರಲೇಬೇಕಾಯಿತು. ಅಷ್ಟೊತ್ತಿಗೆ ಊರ ಹುರುಳಿಯೆಲ್ಲ ರಸ್ತೆಯ ಮೇಲಿತ್ತು. ಇನ್ನೊಮ್ಮೆ ಸರಿಸಿರೆಂದು ಕೇಳುವ ಮುಖ ನನಗಿರಲಿಲ್ಲ. ಎಲ್ಲರ ಬಳ್ಳಿ ತುಳಿಯುತ್ತ ಬಂದೆ, ಅತ್ತೆಯನ್ನು ಕೂಡಿಸಿಕೊಂಡು ಎಲ್ಲರ ಬಳ್ಳಿ ತುಳಿಯುತ್ತ ಹೊರಟೆ. ಮುದುಕಿ ಅಡ್ಡ ನಿಂತು, “ಇಲ್ಲಿ ಇನ್ನಾ ಕಾಳು ಬಿಟ್ಟಿಲ್ರಿ, ಜರಾ ಹಿಂದಕ್ಕ ತಗೋರಿ,” ಅಂದಳು. ತಗೊಂಡೆ. ಕೊನೆಗೆ ಚಕ್ರಕ್ಕೆ ಬಳ್ಳಿ ಸುತ್ತಿಯೇ ಸುತ್ತಿತು. ಭೀಮರಾಯ ಬಿಳಿ ಅಂಗಿಯಲ್ಲೇ ಅಂಗಾತ ಮಲಗಿ, ಕಾರಿನಡಿ ಕೈ ಹಾಕಿ, ಕುಡುಗೋಲಿನಿಂದ ಬಿಡಿಸಿದ. ಎದ್ದು ಧೂಳು ಕೊಡವಿಕೊಂಡು, “ಹೋಗಿ ಬರ್ರಿ ಮಾವಾ,” ಅಂದ. ಹಿಂದಿನ ಸೀಟಿನಲ್ಲಿ ತಾಯಿ ಮಗಳು ಒಬ್ಬರ ಕೈ ಒಬ್ಬರು ಹಿಡಿದು ನಗುತ್ತಿದ್ದರು. ನನ್ನನ್ನು ನೋಡಿ ನಗುತ್ತಿದ್ದಾರೆಂಬ ಸಂಶಯ ಬಂತು. ಈ ಸಲ ಅದು ನಿಜವಾಗಿತ್ತು.

ಮುಂದಿನ ವಾರ ಭೀಮರಾಯ ಅವ್ವನನ್ನು ನೋಡಲು ಬಂದ. ಕೈಯಲ್ಲಿ ಒಂದು ಚೀಲ ಹುರುಳಿ. “ನಿಮ್ಮ ಗಾಡಿ ತುಳಿದದ್ದೇ ಮಾವಾ,” ಅಂದ. ಅತ್ತೆ ಕೂತಲ್ಲಿಂದಲೇ ಹೇಳಿ ಮಾಡಿಸಿದ ಹುರುಳಿ ಸಾರು, ಬಿಸಿ ಜೋಳದ ರೊಟ್ಟಿ. ನಾಲ್ಕೂ ಜನ ಕೂಡಿ ಉಣ್ಣುತ್ತಿದ್ದೆವು. ಎರಡನೆಯ ತುತ್ತಿಗೆ ನನ್ನ ಹಲ್ಲಿನ ನಡುವೆ ಕಟಂ ಎಂದಿತು. ಎಲ್ಲರೂ ತಲೆಯೆತ್ತಿದರು. ಭೀಮರಾಯನ ಮುಖ ಬಿಳಿಚಿತು. “ಕಲ್ಲೇನ್ರಿ ಮಾವಾ? ಛಲೋತ್ನಂಗ ಕೇರಿಸಿ ತಂದಿದ್ದೆ.” ಮಾದೇವಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

ಮೆಲ್ಲಗೆ ಬೆರಳಿಗೆ ತೆಗೆದುಕೊಂಡು ತಟ್ಟೆಯ ಮರೆಯಲ್ಲಿ ನೋಡಿದೆ. ಗುಲಾಬಿ ಬಣ್ಣದ ಜಲ್ಲಿಯ ಚೂರು. ಬಳಿಚಕ್ರದಲ್ಲಿ ಅಂಥ ಕಲ್ಲಿಲ್ಲ. ಅದು ಎಲ್ಲಿಂದ ಹೊರಟು, ಯಾರ ಟೈರಿನ ಸಂದಿಯಲ್ಲಿ ಕೂತು, ಯಾರ ಹುರುಳಿಯಲ್ಲಿ ಇಳಿದು ಬಂತೆಂಬುದರಲ್ಲಿ ನನಗೆ, ಜನ್ಮದಲ್ಲಿ ಮೊದಲ ಸಲ, ಯಾವ ಸಂಶಯವೂ ಇರಲಿಲ್ಲ. ಊರವರ ಬಿಲ್ಲಿನಲ್ಲಿ ಸಾಕ್ಷಿ ಹುಡುಕುತ್ತ ಕೂದಲು ನೆರೆಸಿಕೊಂಡ ನಾನು, “ಏನಿಲ್ಲಪ್ಪ, ಮೆಣಸಿನ ಕಾಳು,” ಎಂದು ಅದನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದು ನುಂಗಿಬಿಟ್ಟೆ.

ಭೀಮರಾಯ ಉಸಿರು ಬಿಟ್ಟು ಮತ್ತೆ ಸಾರಿಗೆ ಕೈ ಹಾಕಿದ. ಆದರೆ ಅತ್ತೆ ಉಣ್ಣಲಿಲ್ಲ. ಕಣ್ಣು ಕಿರಿದು ಮಾಡಿ ನನ್ನನ್ನು ಬಹಳ ಹೊತ್ತು ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಕಚೇರಿಯಲ್ಲಿ ದಿನಾ ಬೇರೆಯವರನ್ನು ನಾನು ನೋಡುವುದು ಹಾಗೆಯೇ.

“ಅಳಿಯಾ,” ಅಂದರು, “ಸಾರಿಗಿ ನಾ ಮೆಣಸು ಹಾಕಸೇ ಇಲ್ಲಲ್ಲ?”