ಒಂದು ಗಂಟೆಯೊಳಗಿನ ಅರ್ಜಿ

ವರ್ಗಾವಣೆಯ ಅರ್ಜಿ ಹನ್ನೊಂದಕ್ಕೆ ತೆರೆದು ಒಂದಕ್ಕೆ ಮುಚ್ಚುತ್ತಿತ್ತು. ಮೊದಲು ಹಾಕಿದವರಿಗೆ ಮೊದಲ ಆದ್ಯತೆ. ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನ ಸಹಾಯಕ ಹತ್ತೂವರೆಗೇ ಮೊಬೈಲು ಹಿಡಿದು ಸ್ಟೂಲಿನ ಮೇಲೆ ಕೂತಿದ್ದ. ಹೆಂಡತಿ ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸ್. ಮೂರು ವರ್ಷದ ಮಗಳೂ ಅಲ್ಲೇ. ಕಳೆದ ಸಲ ಹೋದಾಗ ಮಗಳು ಬಾಗಿಲು ತೆಗೆದು, "ಅಮ್ಮಾ, ಫೋನಲ್ಲಿರೋ ಅಪ್ಪ ಬಂದಿದಾರೆ" ಎಂದು ಕೂಗಿದ್ದಳು.

ಅರ್ಜಿ ಸಿಬ್ಬಂದಿ ಸಂಖ್ಯೆ ಕೇಳಿತು. ಹನ್ನೊಂದು ಅಂಕಿ; ಪೇಸ್ಟ್ ಮಾಡಲು ಬಿಡುತ್ತಿರಲಿಲ್ಲ. ಅದು ಇಮೇಲಿನಲ್ಲಿತ್ತು. ಇಮೇಲಿನ ಟ್ಯಾಬಿಗೆ ಹೋಗಿ, ನಾಲ್ಕು ಅಂಕಿ ಬಾಯಿಪಾಠ ಮಾಡಿಕೊಂಡು ಬಂದರೆ ಅರ್ಜಿ ಮತ್ತೆ ಮೊದಲಿನಿಂದ ಲೋಡಾಗಿ, ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿಯಾಗಿತ್ತು. ಮತ್ತೆ ತುಂಬಿದ. ಮತ್ತೆ ಖಾಲಿ. ಐದನೇ ಸಲಕ್ಕೆ ಹನ್ನೊಂದೂ ಮುಕ್ಕಾಲಾಯಿತು. ಅಂಗಿ ಬೆನ್ನಿಗೆ ಅಂಟಿಕೊಂಡಿತು.

"ಮೆಮೊರಿ ಸಾಲ್ತಿಲ್ಲ ಸಾರ್," ಎಂದ ಟೈಪಿಸ್ಟ್, ಕರೆಯದೆಯೇ ಒಳಗೆ ಬಂದು. "ಎಷ್ಟು ಟ್ಯಾಬ್ ಓಪನ್ ಇದೆ ನೋಡಿ."

ಎಷ್ಟೆಂದು ಫೋನಿಗೂ ಗೊತ್ತಿರಲಿಲ್ಲ. ನೂರು ದಾಟಿದ ಮೇಲೆ ಅದು ಎಣಿಸುವುದನ್ನೇ ಬಿಟ್ಟು, ಸಂಖ್ಯೆಯ ಜಾಗದಲ್ಲಿ ಒಂದು ನಗುಮುಖ ತೋರಿಸುತ್ತಿತ್ತು.

"ಮೊದ್ಲು ಹಿಸ್ಟರಿ ಕ್ಲಿಯರ್ ಮಾಡಿ," ಎಂದರು ಹಿಂದೆಯೇ ಬಂದ ಲೈಬ್ರರಿ ಮೇಡಂ. "ನಮ್ಮ ಯಜಮಾನ್ರ ಫೋನೂ ಹೀಗೇ ಆಡ್ತಿತ್ತು."

"ಬೇಡ ಮೇಡಂ..." ಎನ್ನುವಷ್ಟರಲ್ಲಿ ಟೈಪಿಸ್ಟನ ಹೆಬ್ಬೆರಳು ಕೆಲಸ ಮುಗಿಸಿತ್ತು. ಟ್ಯಾಬುಗಳು ಇದ್ದ ಹಾಗೇ ಇದ್ದವು; ಲಾಗಿನ್ ಮಾತ್ರ ಹೋಗಿತ್ತು. ಪಾಸ್‌ವರ್ಡ್ ಹೊಡೆದು ಮತ್ತೆ ಒಳಗೆ ಹೋಗುವಾಗ ಹನ್ನೆರಡೂ ಕಾಲು.

"ಫೋನ್ ಆಫ್ ಮಾಡಿ ಆನ್ ಮಾಡಿದ್ರೆ?"

"ಅದು ಆನ್ ಆಗೋಕೇ ಹತ್ತು ನಿಮಿಷ ತಗೊಳ್ಳತ್ತೆ ಮೇಡಂ!"

ನೆಲ ಗುಡಿಸುತ್ತಿದ್ದ ಅಕ್ಕ ಪೊರಕೆ ನಿಲ್ಲಿಸಿ ಕೇಳಿದಳು: "ಆ ನಂಬರನ್ನ ಒಂದು ಚೀಟೀಲಿ ಬರ್ಕೊಂಡ್ರೆ ಆಗಲ್ವಾ ಸಾರ್?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚೀಟಿಯಲ್ಲಿ ಬರೆದರು. ಎರಡು ನಿಮಿಷದಲ್ಲಿ ಅರ್ಜಿ ಕೊನೆಯವರೆಗೂ ತುಂಬಿತು.

ಆದರೆ ಕೊನೆಯಲ್ಲಿ ಮದುವೆ ಪ್ರಮಾಣಪತ್ರದ ಫೋಟೋ ಬೇಕಿತ್ತು. ಫೋಟೋ ಆರಿಸಲು ಗ್ಯಾಲರಿ ತೆರೆದದ್ದೇ ತಡ, ಬ್ರೌಸರ್ ಕಣ್ಣು ಮುಚ್ಚಿತು. ಮರಳಿ ಬಂದಾಗ ಮತ್ತದೇ ತೊಳೆದ ತಟ್ಟೆ. ಹನ್ನೆರಡೂವರೆ.

"ಇನ್ನು ಬೇರೆ ದಾರಿ ಇಲ್ಲ," ಎಂದ ಟೈಪಿಸ್ಟ್. "ಎಲ್ಲಾ ಟ್ಯಾಬೂ ಮುಚ್ಚಿ."

ಸಹಾಯಕನ ಕೈ ತಡೆಯಿತು. ಮಗು ಯಾವ ತಿಂಗಳಲ್ಲಿ ಮಗುಚಿಕೊಳ್ಳುತ್ತದೆ, ಮೊದಲ ಹಲ್ಲು ಯಾವಾಗ, ಜ್ವರ ನೂರಾ ಒಂದಾದರೆ ಏನು ಮಾಡಬೇಕು: ಮೂರು ವರ್ಷ ದೂರದಲ್ಲಿ ಕೂತು ಒಂದೊಂದಾಗಿ ತೆರೆದಿಟ್ಟ ಪುಟಗಳು. ಆಗ ಮಗುಚಿಕೊಳ್ಳುತ್ತಿದ್ದ ಮಗು ಈಗ ಮಂಚದಿಂದ ಹಾರುತ್ತದೆ. ಆದರೂ ಮುಚ್ಚಲು ಮನಸ್ಸು ಬಂದಿರಲಿಲ್ಲ.

"ಪುಟ ನೋಡ್ತೀರೋ, ಮಗೂನೇ ನೋಡ್ತೀರೋ?" ಎಂದರು ಮೇಡಂ.

ಅವನು ಕಣ್ಣು ಮುಚ್ಚಿ ಒತ್ತಿದ. ನಗುಮುಖ ಮಾಯವಾಯಿತು.

ಫೋನು ಹೊಸ ಹುರುಪಿನಿಂದ ಓಡಿತು. ಲಾಗಿನ್ ಆಯಿತು, ಸಂಖ್ಯೆ ಕೂತಿತು, ಫೋಟೋ ಏರತೊಡಗಿತು. ಮಧ್ಯದಲ್ಲಿ ನೆಟ್‌ವರ್ಕ್ ಹೋಗಿ, ನಾಲ್ವರೂ ಕಿಟಕಿಯ ಬಳಿ ಒತ್ತಿಕೊಂಡು ನಿಂತರು. ಅಕ್ಕನ ಪೊರಕೆಯೂ ಜೊತೆಗಿತ್ತು. ಶೇಕಡಾ ತೊಂಬತ್ತು... ತೊಂಬತ್ತಾರು... ನೂರು. ಸಮಯ ಹನ್ನೆರಡು ಐವತ್ತೆಂಟು. 'ಸಲ್ಲಿಸಿ' ಒತ್ತಿದ. ಸಣ್ಣ ಅಕ್ಷರಗಳ ಚೌಕವೊಂದು ಎದ್ದು ನಿಂತಿತು.

"ಏನೋ ಬರೆದಿದೆ, ಓದಿ," ಎಂದರು ಮೇಡಂ.

"ಓದ್ತಾ ಕೂತ್ರೆ ಟೈಮ್ ಮುಗಿಯತ್ತೆ. 'ಸರಿ' ಅಂತ ಒತ್ತಿ ಸಾರ್!" ಎಂದ ಟೈಪಿಸ್ಟ್.

ಒತ್ತಿದ. 'ಅರ್ಜಿ ಸ್ವೀಕೃತವಾಗಿದೆ. ಕ್ರಮಸಂಖ್ಯೆ 412.'

ಟೈಪಿಸ್ಟ್ ಚಪ್ಪಾಳೆ ತಟ್ಟಿದ. ಸಹಾಯಕ ಸ್ಟೂಲಿಗೆ ಕುಸಿದು, ನೀರು ಕುಡಿಯಲು ಬೀಕರ್ ಎತ್ತಿಕೊಂಡಿದ್ದ; ಅಕ್ಕ ಕಸಿದುಕೊಂಡಳು. ಅಷ್ಟರಲ್ಲಿ ಹೆಂಡತಿಯ ಫೋನು ಬಂತು.

"ರೀ, ಈಗ ಒಂದು ಗಂಟೆ ಆಯ್ತಲ್ಲ. ಒಂದು ಒಳ್ಳೇ ಸುದ್ದಿ! ನಿಮ್ಮ ಅರ್ಜಿ ನಾನೇ ಹಾಕ್ಬಿಟ್ಟೆ, ಹನ್ನೊಂದಕ್ಕೇ, ನಮ್ಮ ಆಫೀಸ್ ಕಂಪ್ಯೂಟರಿಂದ. ನಿಮ್ಮ ಪಾಸ್‌ವರ್ಡ್ ಮಗಳ ಹೆಸರೇ ಅಲ್ವಾ! ನಮ್ದು ಮೂರನೇ ನಂಬರು!"

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಸುಮ್ನಿರ್ತೀರಾ? ಸರಿಯಾಗಿದ್ಯಾ ನೋಡ್ತೀನಿ ಅಂತ ಆ ದರಿದ್ರ ಫೋನ್ ಹಿಡ್ಕೊಂಡು ಏನಾದ್ರೂ ಒತ್ತಿಬಿಡ್ತೀರಿ. ಅದಕ್ಕೇ ಒಂದು ಗಂಟೆ ಆಗ್ಲಿ ಅಂತ ಕಾದೆ."

ಅವನು ಫೋನನ್ನು ಕಿವಿಯಿಂದ ತೆಗೆದು ಪರದೆ ನೋಡಿದ. 412ರ ಕೆಳಗೆ ಇನ್ನೊಂದು ಸಾಲಿತ್ತು: 'ನಿಮ್ಮ ಕೋರಿಕೆಯಂತೆ, ನಿಮ್ಮ ಹಿಂದಿನ ಅರ್ಜಿಯನ್ನು (ಕ್ರಮಸಂಖ್ಯೆ 3) ರದ್ದುಪಡಿಸಲಾಗಿದೆ.'

"ಹಲೋ? ಕೇಳಿಸ್ತಿದ್ಯಾ?" ಎನ್ನುತ್ತಿದ್ದಳು ಹೆಂಡತಿ. "ಸಾಮಾನು ಕಟ್ಟೋಕೆ ಶುರು ಮಾಡಿ!"