ಗೈರಸ್ಸಿಗೆ ಮಳವಳ್ಳಿಯವರು ಕೊಟ್ಟ ಅರ್ಥಗಳು

ಶಾಲೆಗೆ ಹೊಸ ಪದವೊಂದು ಬಂದಾಗಲೆಲ್ಲ ಯಾರಾದರೂ ಒಬ್ಬರ ಗ್ರಹಚಾರ ಕೆಡುತ್ತದೆ. ಆ ಒಬ್ಬರು ಯಾವಾಗಲೂ ವಿಜ್ಞಾನದ ಮೇಷ್ಟರೇ ಯಾಕಾಗುತ್ತಾರೋ ನನಗಂತೂ ಇವತ್ತಿನವರೆಗೂ ತಿಳಿದಿಲ್ಲ. ಮೂವತ್ತರ ದಶಕದ ಮಾತು. ನಾನು ಮಳವಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ ಹಂಗಾಮಿ ಮೇಷ್ಟರು. ಮದ್ದೂರಿನಲ್ಲಿ ಒಂದು ಹೆಣ್ಣು ನೋಡಿ ಬಂದಿದ್ದೆ, ಮನಸ್ಸನ್ನೂ ಅಲ್ಲೇ ಬಿಟ್ಟು ಬಂದಿದ್ದೆ. ಹೆಣ್ಣಿನ ತಂದೆ ಕಚೇರಿ ಗುಮಾಸ್ತರು, ಕಾಗದದ ಎರಡೂ ಮಗ್ಗುಲು ನೋಡದೆ ಯಾವುದನ್ನೂ ನಂಬದ ಜನ. "ಮೊದಲು ಕೆಲಸ ಖಾಯಂ ಆಗಲಿ. ನಡತೆ ಹೇಗೆ ಅಂತ ನಾನೂ ನಾಲ್ಕು ಕಡೆ ವಿಚಾರಿಸ್ತೀನಿ. ಆಮೇಲೆ ಮಾತಾಡೋಣ" ಅಂದಿದ್ದರು. ಖಾಯಂ ಮಾಡಬೇಕಾದ ಶಾಲಾ ಇನ್‌ಸ್ಪೆಕ್ಟರು ಮಂಡ್ಯದಿಂದ ಹದಿನೈದು ದಿನದಲ್ಲಿ ಬರುವವರಿದ್ದರು. ಸರಿಯಾಗಿ ಆ ಹೊತ್ತಿಗೇ ಆ ಪದ ಬಂತು.

೧. ಹೆಡ್‌ಮಾಸ್ತರರ ಮೇಜಿನ ಮೇಲೆ

ತಗಡಿನ ಕೊಳವೆಯಲ್ಲಿ ಸುತ್ತಿ ಒಂದು ಪಟ ಬಂದಿತ್ತು. ಮನುಷ್ಯನ ಮೆದುಳಿನ ಚಿತ್ರ. ಅದರ ಏರುತಗ್ಗುಗಳ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಗೈರಸ್" ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ನಮ್ಮ ಹೆಡ್‌ಮಾಸ್ತರರಿಗೆ ಊರಲ್ಲಿ ಎಲೆ ಅಲ್ಲಾಡಿದರೂ ಅದು ಖಾದಿಯವರ ಕಿತಾಪತಿ ಅಂತಲೇ ಗುಮಾನಿ. ಪಟವನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದರು.

"ಏನ್ರೀ ಇದರ ಅರ್ಥ?"

ನಾನು ಡಿಕ್ಷನರಿ ನೋಡಿಕೊಂಡೇ ಹೋಗಿದ್ದೆ. "ಗ್ರೀಕರ ಮಾತಿನಲ್ಲಿ ಉಂಗುರ ಅಂತ ಸಾರ್. ಸುತ್ತು ಅಂತಲೂ ಇದೆ. ವೈದ್ಯರು ಮೆದುಳಿನ ಮೇಲಿರೋ ಉಬ್ಬು ನೆರಿಗೆಗೆ ಹಾಗಂತಾರೆ."

"ಒಂದು ಪದ, ಮೂರು ಅರ್ಥ. ಇಂಥಾದ್ದನ್ನ ಪೊಲೀಸಿನವರು ಏನಂತಾರೆ ಗೊತ್ತೇನ್ರಿ?"

"ಗೊತ್ತಿಲ್ಲ ಸಾರ್."

"ನನಗೂ ಗೊತ್ತಿಲ್ಲ. ಅವರು ಬಂದು ಹೇಳೋವರೆಗೂ ಪಟ ನನ್ನ ಬೀರುವಿನಲ್ಲೇ ಇರಲಿ" ಅಂತ ಬೀಗ ಹಾಕಿ, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡರು.

೨. ಹಲಗೂರಿನ ಕಡೆ ಗೌಡರು

ಪಟ ಇಲ್ಲದಿದ್ದರೆ ಬಾಯಿ ಇದೆಯಲ್ಲ. ಮೆದುಳಿನ ಮೇಲೆ ಪಂಚೆಗಿರುವ ಹಾಗೆ ನೆರಿಗೆ ಇರುತ್ತದೆ, ನೆರಿಗೆ ಹೆಚ್ಚಿದಷ್ಟೂ ಬುದ್ಧಿ ಹೆಚ್ಚು ಅಂತ ತರಗತಿಯಲ್ಲಿ ಹೇಳಿಬಿಟ್ಟೆ. ಅಷ್ಟು ಸಲೀಸಾಗಿ ಹೇಳುವ ಮಾತಲ್ಲ ಅದು, ಆದರೆ ವಯಸ್ಸು ಹಾಗೆ. ಮೂರನೇ ದಿನ ಒಬ್ಬ ಹುಡುಗನ ತಂದೆ ಹಲಗೂರಿನ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದರು. ಗೌಡರು ಕೂತುಕೊಳ್ಳಲಿಲ್ಲ.

"ಮೇಷ್ಟ್ರೇ, ನೆರಿಗೆ ಜಾಸ್ತಿ ಇದ್ರೆ ಬುದ್ದಿ ಜಾಸ್ತಿ ಅಂದ್ರಂತೆ. ದಿಟವಾ?"

"ದಿಟ ಗೌಡ್ರೇ."

"ಮತ್ತೆ ಓದ್ ವರ್ಸದಿಂದ ನನ್ನ ಮಗನ ತಲೆ ಮ್ಯಾಲೆ ಮೊಟಕ್ತಾನೇ ಇದ್ದೀರಲ್ಲ, ಯಾಕೆ? ಇದ್ದ ನೆರಿಗೆನೆಲ್ಲ ತಟ್ಟಿ ಚಪ್ಪಟೆ ಮಾಡಾಕಾ? ನಿಮ್ ಜನದ ಐಕ್ಳಿಗೂ ಇಂಗೇ ಮೊಟಕ್ತೀರಾ, ಇಲ್ಲ ನಮ್ಮವ್ಕೆ ಮಾತ್ರವಾ?"

ತಲೆಬುರುಡೆ ಗಟ್ಟಿ, ಒಳಕ್ಕೆ ಏಟು ಹೋಗುವುದಿಲ್ಲ ಅಂದೆ. "ಒಳಕ್ಕೆ ಓಗಲ್ಲ ಅಂದ್ಮೇಲೆ ಮೊಟಕೋದ್ಯಾಕೆ?" ಅಂದರು. ಇದಕ್ಕೆ ಯಾವ ಟ್ರೈನಿಂಗಿನಲ್ಲೂ ನಮಗೆ ಉತ್ತರ ಹೇಳಿಕೊಟ್ಟಿರಲಿಲ್ಲ. ಕೊನೆಗೆ ಗೌಡರೇ ಕರುಣೆ ತೋರಿಸಿದರು.

"ಒಡೀಬೇಡಿ ಅನ್ನಕಿಲ್ಲ. ಕಾಲಿಗೆ ಒಡೀರಿ. ಅಲ್ಲೇನೂ ಇಲ್ಲ."

೩. ಸಾಬರ ಅಂಗಡಿ

ಇನ್‌ಸ್ಪೆಕ್ಟರು ಬರುವುದು ಹತ್ತಿರವಾಯಿತು, ಹೆಡ್‌ಮಾಸ್ತರರು ಬೀರು ತೆಗೆಯಲಿಲ್ಲ. ಆಗ ನನಗೊಂದು ಹುಚ್ಚು ಧೈರ್ಯ ಬಂತು. ಪಟ ಯಾಕೆ, ಕುರಿಯ ಮೆದುಳನ್ನೇ ತೋರಿಸಿದರಾಯಿತು. ಸಂತೆಯ ದಿನ ಜನ ಗಿಜಿಗುಟ್ಟುವಾಗ ಯಾರೂ ಗಮನಿಸುವುದಿಲ್ಲ ಅಂದುಕೊಂಡು ಮಾಂಸದ ಅಂಗಡಿಗೆ ಹೋದೆ. ಹಣೆಯ ಮೇಲೆ ಗಂಧ, ಕಚ್ಚೆಪಂಚೆ. ಸಂತೆಯ ಅರ್ಧ ಜನ ವ್ಯಾಪಾರ ಬಿಟ್ಟು ನನ್ನನ್ನೇ ನೋಡಿದರು.

ಅಂಗಡಿಯ ಸಾಬರು ವಯಸ್ಸಾದವರು, ಗಂಭೀರ ಮನುಷ್ಯ. "ಏನ್ ಸ್ವಾಮಿ, ದಾರಿ ತಪ್ಪಿದ್ರಾ?"

"ಕುರಿಯ ಮೆದುಳು ಬೇಕಿತ್ತು. ಶಾಲೆಗೆ."

ಸಾಬರು ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದರು. "ಆಗ್ಲಿ ಸ್ವಾಮಿ. ಕೆಲವರು ಔಷಧಿಗೆ ಅಂತಾರೆ, ಕೆಲವರು ನಾಯಿಗೆ ಅಂತಾರೆ. ಶಾಲೆಗೆ ಅಂದೋರು ನೀವೇ ಮೊದಲು."

ನಾನು ಎಷ್ಟು ಹೇಳಿದರೂ ಅವರು ತಲೆಯಾಡಿಸಿದರೇ ಹೊರತು ನಂಬಲಿಲ್ಲ. ಮುತ್ತುಗದ ಎಲೆಯಲ್ಲಿ ಜೋಪಾನವಾಗಿ ಕಟ್ಟಿ ಕೈಗಿಟ್ಟು, ಕಿವಿಯ ಹತ್ತಿರ ಬಗ್ಗಿ ಹೇಳಿದರು: "ಮೆಣಸು ಸ್ವಲ್ಪ ಜಾಸ್ತಿ ಹಾಕಿ ಸ್ವಾಮಿ. ಹೊಸಬರಿಗೆ ವಾಸನೆ ಆಗಲ್ಲ."

೪. ಇನ್‌ಸ್ಪೆಕ್ಷನ್

ಆಸ್ಪತ್ರೆಯ ಕಾಂಪೌಂಡರಿಂದ ಸ್ಪಿರಿಟ್ಟು ಬೇಡಿ ತಂದು, ಗಾಜಿನ ಜಾಡಿಯಲ್ಲಿ ಮೆದುಳನ್ನು ಮುಳುಗಿಸಿ ಮೇಜಿನ ಮೇಲಿಟ್ಟಿದ್ದೆ. ಇನ್‌ಸ್ಪೆಕ್ಟರು ಕನ್ನಡಕ ಏರಿಸಿ ಜಾಡಿ ನೋಡಿದರು, ನನ್ನನ್ನು ನೋಡಿದರು, ಮತ್ತೆ ಜಾಡಿ ನೋಡಿದರು.

"ಇದನ್ನ ತಂದೋರು ಯಾರು?"

ಹೆಡ್‌ಮಾಸ್ತರರು ನನ್ನಿಂದ ಮೂರು ಹೆಜ್ಜೆ ದೂರ ಸರಿದರು. ನಾನು ಒಪ್ಪಿಕೊಂಡೆ. ಇನ್‌ಸ್ಪೆಕ್ಟರು ಹುಡುಗರ ಕಡೆ ತಿರುಗಿ ಬೆರಳು ತೋರಿಸಿದರು. ತರಗತಿಯಲ್ಲಿ ಅಷ್ಟು ಜನ ಇದ್ದರೂ ಆ ಬೆರಳು ಹೋಗಿ ನಿಂತದ್ದು ಆ ಗೌಡರ ಮಗನ ಮೇಲೆ.

"ಗೈರಸ್ ಅಂದ್ರೇನಪ್ಪ?"

"ಮೇಷ್ಟ್ರು ಮೊಟಕಬಾರದ ಜಾಗ ಸಾ."

ಮದ್ದೂರಿನ ಹೆಣ್ಣು ಕೈ ಬಿಟ್ಟುಹೋದದ್ದು ಆ ಕ್ಷಣ ನನಗೆ ಕಣ್ಣಿಗೆ ಕಟ್ಟಿತು. ಇನ್‌ಸ್ಪೆಕ್ಟರು ಮುಖ ಸಡಿಲಿಸಲಿಲ್ಲ. "ಮತ್ತೆಲ್ಲಿ ಹೊಡೀಬೇಕು?"

"ಕಾಲಿಗೆ ಸಾ. ಅಲ್ಲೇನೂ ಇಲ್ಲ."

ಅವರು ಕರವಸ್ತ್ರ ತೆಗೆದು ಬಹಳ ಹೊತ್ತು ಮುಖ ಒರೆಸಿಕೊಂಡರು, ಭುಜ ಮಾತ್ರ ಕುಲುಕುತ್ತಿತ್ತು. ಆಮೇಲೆ ಹೆಡ್‌ಮಾಸ್ತರರನ್ನು ಕೇಳಿದರು, "ನೀವು ಹೇಳಿ, ಅರ್ಥ ಏನು?" ಹೆಡ್‌ಮಾಸ್ತರರು ಜನಿವಾರ ತಡಕಿಕೊಂಡು, "ಬೀರುವಿನಲ್ಲಿದೆ ಸಾರ್" ಅಂದರು. ನನ್ನ ಕೆಲಸ ಖಾಯಂ ಆಯಿತು.

೫. ಮದ್ದೂರಿನವರ ವಿಚಾರಣೆ

ಖಾಯಂ ಆದ ಸುದ್ದಿ ಬರೆದು ಮದ್ದೂರಿಗೆ ಕಾಗದ ಹಾಕಿದೆ. ಉತ್ತರವಿಲ್ಲ. ಇನ್ನೊಂದು ಹಾಕಿದೆ, ಅದಕ್ಕೂ ಇಲ್ಲ. ಅಷ್ಟರಲ್ಲಿ ಬಸ್ಸಿನಲ್ಲಿ ಹೋದವರು ಯಾರೋ ಗುಮಾಸ್ತರ ಕಿವಿಗೆ ಮುತ್ತುಗದ ಎಲೆಯ ಪೊಟ್ಟಣದ ಸಂಗತಿ ಊದಿದ್ದರಂತೆ. ನನಗೆ ಊಟ ಸೇರಲಿಲ್ಲ. ಅಷ್ಟು ಒಳ್ಳೆಯ ಹೆಣ್ಣು, ಒಂದು ಕುರಿಯ ದೆಸೆಯಿಂದ ತಪ್ಪಿಹೋಯಿತಲ್ಲ ಅಂತ ಸಂಕಟ.

ಮುಂದಿನ ಸಂತೆಯಲ್ಲಿ ಹೆಡ್‌ಮಾಸ್ತರರೂ ನಾನೂ ಬದನೆಕಾಯಿ ಆರಿಸುತ್ತಿದ್ದೆವು. ಎದುರಿಗೆ ಸಾಬರ ಅಂಗಡಿ. ನೋಡುತ್ತೇನೆ, ಜರಿಪೇಟ, ಉದ್ದ ಕೋಟು, ಹಣೆಯಲ್ಲಿ ಅಂಗಾರ ಅಕ್ಷತೆ ಇಟ್ಟುಕೊಂಡ ಮದ್ದೂರಿನ ಗುಮಾಸ್ತರು ಒಳಗೆ ನಿಂತಿದ್ದಾರೆ. ಕಾಗದದ ಎರಡನೇ ಮಗ್ಗುಲು ನೋಡಲು ತಾವೇ ಬಂದಿದ್ದರು. ಒಳಗೆ ನಡೆದ ಮಾತನ್ನು ಸಾಬರೇ ಆಮೇಲೆ ನನಗೆ ಹೇಳಿದರು.

"ಇಲ್ಲಿಗೊಬ್ಬರು ಬ್ರಾಹ್ಮಣರ ಮೇಷ್ಟ್ರು ಬಂದಿದ್ರಾ?" ಅಂತ ಗುಮಾಸ್ತರು ಕೇಳಿದರಂತೆ.

"ನಮ್ಮಂಗಡೀಗೆ ಬರೋ ಸ್ವಾಮಿಗಳ ವಿಷಯ ನಾವು ಯಾರ ಹತ್ರಾನೂ ಆಡಲ್ಲ" ಅಂದು ಸಾಬರು, ಆಗಲೇ ಕಟ್ಟಿಟ್ಟಿದ್ದ ಒಂದು ಪೊಟ್ಟಣ ಅವರ ಕೈಗೆ ಒತ್ತಿದರಂತೆ. "ನಿಮ್ಮದೂ ಆಡಲ್ಲ."

ಗುಮಾಸ್ತರು ಬೆವರುತ್ತ ಹೊರಗೆ ಬಂದರು. ಕೈಯಲ್ಲಿ ಪೊಟ್ಟಣ. ಎದುರಿಗೆ ನಮ್ಮ ಹೆಡ್‌ಮಾಸ್ತರರು, ಅವರ ಹಿಂದೆ ನಾನು, ನನ್ನ ಹಿಂದೆ ಇಡೀ ಸಂತೆ. ಹೆಡ್‌ಮಾಸ್ತರರು ಪೊಟ್ಟಣವನ್ನೇ ದಿಟ್ಟಿಸಿ, "ಏನು ರಾಯರೇ ಅದು?" ಅಂದರು.

ರಾಯರ ಕಣ್ಣು ನನ್ನ ಮೇಲೆ ಬಿತ್ತು.

"ಶಾಲೆಗೆ" ಅಂದರು. "ನಮ್ಮ ಅಳಿಯಂದಿರು ತರೋಕೆ ಹೇಳಿದ್ರು."

ಅಳಿಯ ಅನ್ನುವ ಮಾತು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು, ಅದೂ ಊರಿನೆದುರಿಗೆ. ನಾನು ತಡಮಾಡದೆ ಮುಂದೆ ಹೋಗಿ ಎರಡೂ ಕೈಯಲ್ಲಿ ಪೊಟ್ಟಣ ಇಸಕೊಂಡು, "ತಂದ್ರಾ ಮಾವನವರೇ" ಅಂತ ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

ಅಂಗಡಿಯೊಳಗಿಂದ ಸಾಬರು ಕೂಗಿದರು: "ದೊಡ್ಡ ಸ್ವಾಮಿಗಳಿಗೂ ಮೆಣಸಿನ ವಿಷಯ ಹೇಳಿಬಿಡಿ ಮೇಷ್ಟ್ರೇ."